ರಾಜಕುಮಾರಿ ಮಾತಾಡುವುದಿಲ್ಲ

ಬೀದರಿನ ನೌಬಾದದಲ್ಲಿದ್ದ ನಮ್ಮ ಮನೆಯ ಮೂರು ಕೋಣೆಗಳು ರೈಲಿನ ಡಬ್ಬಿಗಳಂತೆ ಒಂದರ ಹಿಂದೆ ಒಂದು ನಿಂತಿದ್ದವು. ಮೊದಲನೆಯದರಲ್ಲಿ ಅಪ್ಪನ ಕುರ್ಚಿ, ಪುಸ್ತಕದ ಕಪಾಟು, ಬಂದವರು ಕೂಡುವ ಬೆಂಚು. ಕೊನೆಯದು ತಗಡಿನ ಮಾಡಿನ ಅಡುಗೆಮನೆ. ಬೇಸಿಗೆಯಲ್ಲಿ ಅಲ್ಲಿ ರೊಟ್ಟಿ ಬಡಿಯುವವರ ಕುಪ್ಪಸ ಹಿಂಡಿದರೆ ನೀರು ಬರುತ್ತಿತ್ತು. ನಡುವಿನ ಕೋಣೆ ಸುಶೀಲತ್ತಿಯದು. ನಾವು ಮಕ್ಕಳು ಮಲಗುತ್ತಿದ್ದದ್ದು, ಅಭ್ಯಾಸ ಮಾಡುತ್ತಿದ್ದದ್ದು, ಪೆಟ್ಟು ತಿನ್ನುತ್ತಿದ್ದದ್ದು ಎಲ್ಲ ಅಲ್ಲೇ. ಕಿಟಕಿಯ ಕೆಳಗೆ ಅವಳ ಹೊಲಿಗೆ ಮಶೀನು, ಎದುರಿನ ಗೋಡೆಯ ಗೂಡಿನಲ್ಲಿ ಟೀವಿ, ಅದರ ಮೇಲೆ ಕಸೂತಿ ಬಟ್ಟೆ ಹೊದಿಸಿದ ಸಿ.ಡಿ. ಪ್ಲೇಯರು. ಹೆಣ್ಣು ಎಂದರೆ ಏನು ಎಂಬುದನ್ನು ನಾನು ಆ ಗೂಡಿನ ಮುಂದೆ ಕೂತು ಕಲಿತೆ. ಕಲಿತದ್ದು ಎಂಥ ಕೆಟ್ಟ ಪಾಠ ಎಂದು ತಿಳಿಯುವ ಹೊತ್ತಿಗೆ ನನ್ನ ತಂಗಿ ಸಾಯುವುದರಲ್ಲಿದ್ದಳು. ಆ ಟೀವಿಯಲ್ಲಿ ನೋಡಿದಂಥ ಸಿನಿಮಾಗಳನ್ನು ಮಾಡಿ ಮಕ್ಕಳ ಮುಂದೆ ಬಿಟ್ಟವರ ಮೇಲಿನ ನನ್ನ ಸಿಟ್ಟು ಇಷ್ಟು ವರ್ಷವಾದರೂ ಇಳಿದಿಲ್ಲ. ಇಳಿಸಿಕೊಳ್ಳಲಿಕ್ಕೆಂದು ಇದನ್ನು ಬರೆಯುತ್ತಲೂ ಇಲ್ಲ.

ಅಪ್ಪ ಭಾಲ್ಕಿಯಲ್ಲಿ ಶಾಲೆ ಮಾಸ್ತರ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತಿದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದ. ಅವ್ವ ನರ್ಸು. ಅವಳ ಡ್ಯೂಟಿ ಒಂದು ವಾರ ಹಗಲು, ಒಂದು ವಾರ ರಾತ್ರಿ. ಹೀಗಾಗಿ ನನ್ನನ್ನೂ ನನಗಿಂತ ಐದು ವರ್ಷ ಸಣ್ಣವಳಾದ ರೋಜಿಯನ್ನೂ ನೋಡಿಕೊಳ್ಳುತ್ತಿದ್ದವಳು ಅಪ್ಪನ ತಂಗಿ ಸುಶೀಲತ್ತಿ. ಅವಳಿಗೆ ಮೂವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಬೆಳ್ಳಗಿದ್ದಳು, ಮೂಗು ನೇರವಾಗಿತ್ತು, ಹೊಲಿಗೆ ಬರುತ್ತಿತ್ತು, ಚರ್ಚಿನಲ್ಲಿ ಹಾಡುತ್ತಿದ್ದಳು. ಆದರೂ ಗಂಡು ಕೂಡಿಬರಲಿಲ್ಲ. ವರ್ಷಕ್ಕೆ ಎರಡು ಮೂರು ಸಲ ಯಾರಾದರೂ ನೋಡಲು ಬರುತ್ತಿದ್ದರು. ಅತ್ತಿ ಹಸಿರು ಸೀರೆ ಉಟ್ಟು, ತಲೆ ತಗ್ಗಿಸಿ ಬೆಂಚಿನ ತುದಿಗೆ ಕೂಡುತ್ತಿದ್ದಳು. ಬಂದವರು ಅವಳನ್ನು ಕೇಳುತ್ತಿದ್ದರು, ಅಪ್ಪ ಉತ್ತರ ಹೇಳುತ್ತಿದ್ದ. ಅವಲಕ್ಕಿ ತಿಂದು, ಚಹಾ ಕುಡಿದು, ಹೇಳಿಕಳಿಸುತ್ತೇವೆ ಎಂದು ಹೋದವರು ಹೇಳಿಕಳಿಸುತ್ತಿರಲಿಲ್ಲ. ಅವರು ಹೋದ ಮೇಲೆ ಅತ್ತಿ ಸೀರೆ ಮಡಚಿಟ್ಟು ಮಶೀನಿನ ಮುಂದೆ ಕೂತು, ದಾರ ಹಾಕದೆ, ಖಾಲಿ ಮಶೀನನ್ನು ತುಳಿಯುತ್ತಿದ್ದಳು. ನಾನು ಆಗ ಅವಳನ್ನು ಕಂಡು ಮರುಗಿದೆ ಎಂದು ಬರೆದರೆ ಸುಳ್ಳಾಗುತ್ತದೆ. ನನಗೆ ಅವಳೆಂದರೆ ಆಗುತ್ತಿರಲಿಲ್ಲ.

ಯಾಕೆಂದರೆ ರೋಜಿ ಅವಳ ಬಣ್ಣ, ನಾನು ಅಪ್ಪನ ಕಪ್ಪು ಬಣ್ಣ. ಪ್ರತಿ ಶನಿವಾರ ಕಡಲೆಹಿಟ್ಟಿಗೆ ಅರಿಷಿಣ, ಹಾಲಿನ ಕೆನೆ ಕಲಸಿ ಇಬ್ಬರ ಮುಖಕ್ಕೂ ಬಳಿಯುತ್ತಿದ್ದಳು. ರೋಜಿಗೆ ಬೆರಳ ತುದಿಯಿಂದ ಹಚ್ಚುತ್ತಿದ್ದಳು, ನನಗೆ ಬೋಗುಣಿ ತಿಕ್ಕುವ ಹಾಗೆ. ಹೇನಾಗಿವೆ ಎಂದು ನನ್ನ ಕೂದಲನ್ನು ಕಿವಿಯವರೆಗೆ ಕತ್ತರಿಸಿದ್ದಳು. ಎತ್ತರ ಬೆಳೆದಿದ್ದೆ, ಕಾಲು ದೊಡ್ಡವು, ದನಿ ದೊಡ್ಡದು. ಅವಳು ನನಗಿಟ್ಟ ಹೆಸರು ಗಂಡುಬೀರಿ.

"ಬಾಯಿ ಮುಚ್ಚಿ ನಗು ಕರುಣಿ. ಹಲ್ಲ್ ಕಾಣಬಾರ್ದು. ರೋಜಿನ್ನ ನೋಡಿ ಕಲಿ."

"ಹಲ್ಲ್ ಕಾಣದಂಗ ನಗೋದಾದ್ರ ನಗೋದ್ ಯಾಕ್ರಿ ಅತ್ತಿ?"

"ನೋಡು, ಇದಕ್ಕೇ ಅಂತೇನಿ. ಒಂದ್ ಮಾತಿಗಿ ಒಂದ್ ಮಾತು. ನಾಳಿ ನಿನ್ನ ಮಾಡ್ಕೊಂಡಾಂವ ಎರಡ ದಿನಕ್ಕ ತಿರುಗಿ ತಂದ್ ಬಿಡ್ತಾನ."

ಆ ಸಿನಿಮಾಗಳ ಸಿ.ಡಿ. ತಂದವಳೂ ಅವಳೇ. ಹೈದರಾಬಾದಿನಲ್ಲಿದ್ದ ಗೆಳತಿಯ ಮನೆಗೆ ಹೋಗಿ ಬರುವಾಗ ಮಕ್ಕಳಿಗೆಂದು ಐದಾರು ಕಾರ್ಟೂನು ಸಿನಿಮಾ ತಂದಿದ್ದಳು. ಎಲ್ಲ ಹಿಂದಿಯಲ್ಲಿ ಮಾತಾಡುವಂಥವು, ಎಲ್ಲದರಲ್ಲೂ ಒಬ್ಬ ರಾಜಕುಮಾರಿ. ಕಣ್ಣು ಮುಖದ ಅರ್ಧ, ಸೊಂಟ ಬಳೆಯಷ್ಟು, ಕೈ ಮೇಣದಬತ್ತಿಯಷ್ಟು. ಅವುಗಳಲ್ಲಿ ಒಂದು ನಮ್ಮ ಮನೆಯಲ್ಲಿ ದಿನಾಲೂ ಓಡುತ್ತಿತ್ತು. ಅದರ ರಾಜಕುಮಾರಿಯನ್ನು ಒಂದು ಗೋಪುರದಲ್ಲಿ ಕೂಡಿಹಾಕಿರುತ್ತಾರೆ. ರಾಜಕುಮಾರ ಬಂದು ಮುಟ್ಟುವ ಮೊದಲು ಅವಳು ಒಂದೇ ಒಂದು ಮಾತಾಡಿದರೂ ಅವನು ಕಲ್ಲಾಗುತ್ತಾನೆ ಎಂಬ ಶಾಪ. ಒಬ್ಬ ಮಾಟಗಾತಿ ಇದ್ದಾಳೆ, ಕಪ್ಪಗೆ, ದಪ್ಪಗೆ, ಬಾಯಿ ಅಗಲ, ನಕ್ಕರೆ ಹಲ್ಲೆಲ್ಲ ಕಾಣುತ್ತವೆ. ಅವಳು ದಿನಾ ಬೇರೆ ಬೇರೆ ವೇಷ ಹಾಕಿಕೊಂಡು ಕಿಟಕಿಯ ಹತ್ತಿರ ಬರುತ್ತಾಳೆ. ಯಾರಮ್ಮಾ ನೀನು, ಹಸಿವಾಗಿದೆಯೇ, ನೀರು ಬೇಕೇ ಎಂದು ಪ್ರೀತಿಯಿಂದ ಕೇಳುತ್ತಾಳೆ. ಅದೆಲ್ಲ ಮೋಸ. ರಾಜಕುಮಾರಿ ಒಂದಕ್ಕೂ ಬಾಯಿ ಬಿಡುವುದಿಲ್ಲ, ಕಣ್ಣಲ್ಲಿ ನೀರು ತಂದುಕೊಂಡು ತೊಡೆಯ ಮೇಲೆ ಕೈಯಿಟ್ಟು ಕೂತಿರುತ್ತಾಳೆ. ಕೊನೆಗೆ ರಾಜಕುಮಾರ ಬಂದು ಕಿಟಕಿಯನ್ನು ಮೂರು ಸಲ ತಟ್ಟುತ್ತಾನೆ. ಅಲ್ಲಿಗೆ ಅತ್ತಿ ಮಶೀನು ನಿಲ್ಲಿಸಿ ನೋಡುತ್ತಿದ್ದಳು. ನಾವು ನಿದ್ದೆಯಲ್ಲಿ ಎಬ್ಬಿಸಿದರೂ ಆ ಸಿನಿಮಾ ಹೇಳುವಷ್ಟು ಅದನ್ನು ನೋಡಿದ್ದೆವು.

ಈಗ ನಾನು ಅದನ್ನು ಬಿಡಿಸಿ ನೋಡುತ್ತೇನೆ. ಇಡೀ ಸಿನಿಮಾದಲ್ಲಿ ತನ್ನ ಕಾಲ ಮೇಲೆ ತಾನು ನಡೆದಾಡುವ, ತನಗೆ ಬೇಕಾದ್ದನ್ನು ಬಾಯಿಬಿಟ್ಟು ಹೇಳುವ ಹೆಂಗಸು ಒಬ್ಬಳೇ, ಮಾಟಗಾತಿ. ಅವಳನ್ನು ಕಪ್ಪು ಮಾಡಿ, ದಪ್ಪ ಮಾಡಿ, ಕೊನೆಗೆ ಸುಟ್ಟು ಬೂದಿ ಮಾಡಿದ್ದಾರೆ. ಒಂದು ಹೆಣ್ಣು ಇನ್ನೊಂದು ಹೆಣ್ಣಿಗೆ ನೀರು ಬೇಕೇ ಎಂದು ಕೇಳಿದರೆ ಅದು ಮೋಸ, ಗಂಡಸು ಬಂದು ಕಿಟಕಿ ತಟ್ಟಿದರೆ ಅದು ಪ್ರೀತಿ. ಇದನ್ನು ಹೂವು, ಹಾಡು, ಹಕ್ಕಿಗಳ ನಡುವೆ ಇಟ್ಟು ಆರು ವರ್ಷದ ಮಗುವಿಗೆ ಉಣಿಸಿದರು. ಮಕ್ಕಳ ಸಿನಿಮಾ, ಅದರಲ್ಲೇನು ಹುಡುಕುತ್ತೀರಿ ಎಂದು ಈಗಲೂ ನನಗೆ ಹೇಳುವವರಿದ್ದಾರೆ. ನಾನು ಭಾಲ್ಕಿಯ ಒಂದು ಶಾಲೆಯಲ್ಲಿ ಟೀಚರು. ಅಲ್ಲಿ ವರ್ಷಾ ವರ್ಷಾ ಗ್ಯಾದರಿಂಗಿನ ನಾಟಕಕ್ಕೆ ರಾಜಕುಮಾರಿಯ ವೇಷ ಬೇಕೆಂದು ಅಳುವ ಹುಡುಗಿಯರನ್ನು ನೋಡುತ್ತೇನೆ. ವೇಷ ಸಿಕ್ಕವಳು ಸ್ಟೇಜಿನ ಮೇಲೆ ಏನು ಮಾಡುತ್ತಾಳೆ ಎಂದು ನೋಡಿದರೆ, ಏನೂ ಮಾಡುವುದಿಲ್ಲ. ನಿಂತಿರುತ್ತಾಳೆ.

ನಮ್ಮ ಮನೆಯಲ್ಲಿ ಆ ಸಿನಿಮಾ ಆಟವಾಯಿತು. ರೋಜಿ ಯಾವಾಗಲೂ ರಾಜಕುಮಾರಿ. ಮಾಟಗಾತಿಯೂ ನಾನೇ, ರಾಜಕುಮಾರನೂ ನಾನೇ. ಗೂಡಿನ ಪಕ್ಕದ ಟ್ರಂಕು ಅವಳ ಗೋಪುರ. ನಾನು ಕಸಬರಿಗೆಯ ಕುದುರೆ ಹತ್ತಿ ಮೂರೂ ಕೋಣೆ ಓಡುತ್ತಿದ್ದೆ, ಕೂಗುತ್ತಿದ್ದೆ, ಅಪ್ಪನ ಅಳತೆಪಟ್ಟಿಯನ್ನು ಕತ್ತಿಯಾಗಿ ಬೀಸುತ್ತಿದ್ದೆ. ಆ ಆಟದಲ್ಲಿ ನನಗೆ ಸುಖವಿತ್ತು, ಅದನ್ನು ಮುಚ್ಚಿಡುವುದಿಲ್ಲ. ಇನ್ನೂ ಒಂದು ಲಾಭವಿತ್ತು. ರೋಜಿಯನ್ನು ಸಂಭಾಳಿಸುವ ಕೆಲಸ ನನ್ನ ತಲೆಗೇ ಕಟ್ಟಿದ್ದು. ಶಾಲೆಯಿಂದ ಬಂದರೆ ಅವಳು ನನ್ನ ಸೊಂಟಕ್ಕೆ, ಆಟಕ್ಕೆ ಹೋದರೆ ಅವಳು ನನ್ನ ಬೆನ್ನಿಗೆ. ನನಗೆ ಹೊರಗೆ ಹೋಗಬೇಕಾದಾಗ ಒಂದು ಮಾತು ಹೇಳಿದರೆ ಸಾಕಿತ್ತು. ನೀ ರಾಜಕುಮಾರಿ, ಇದು ಗೋಪುರ, ನಾ ಬರುವವರೆಗೆ ಮಾತಾಡಬೇಡ. ಅವಳು ಟ್ರಂಕಿನ ಮೇಲೆ ಅರ್ಧ ತಾಸು, ಮುಕ್ಕಾಲು ತಾಸು ಅಲುಗದೆ ಕೂತಿರುತ್ತಿದ್ದಳು. ಅತ್ತಿ ಬಂದು ಯಾಕೆ ಕೂತಿದ್ದೀಯೆ ಎಂದು ಕೇಳಿದರೂ ಹೇಳುತ್ತಿರಲಿಲ್ಲ. ನಾನು ಬಂದು ಟ್ರಂಕನ್ನು ಮೂರು ಸಲ ತಟ್ಟಿದ ಮೇಲೆಯೇ ಉಸಿರು ಬಿಟ್ಟು ನಗುತ್ತಿದ್ದಳು, ಬಾಯಿ ಮುಚ್ಚಿ.

ನನಗೆ ಹನ್ನೊಂದು ತುಂಬಿದ ಬೇಸಿಗೆಯಲ್ಲಿ ಔರಾದದಲ್ಲಿ ಒಂದು ಮದುವೆ ಬಂತು, ಅಪ್ಪನ ಕಾಕನ ಮಗನದು. ನೌಬಾದದಿಂದ ನೆಂಟರೆಲ್ಲ ಸೇರಿ ಒಂದು ಖಾಸಗಿ ಬಸ್ಸು ಮಾಡಿದ್ದರು. ಅಪ್ಪ ಹಿಂದಿನ ದಿನವೇ ಹೋಗಿದ್ದ. ಅವ್ವನಿಗೆ ಬೆಳಗಿನ ಡ್ಯೂಟಿ, ಮಧ್ಯಾಹ್ನ ಬರುವವಳಿದ್ದಳು. ನಮ್ಮಿಬ್ಬರನ್ನು ಕರೆದುಕೊಂಡು ಹೋದವಳು ಅತ್ತಿ. ರೋಜಿಗೆಂದು ಅವಳು ಒಂದು ತಿಂಗಳು ಕೂತು ಗುಲಾಬಿ ಸ್ಯಾಟಿನ್ ಫ್ರಾಕು ಹೊಲಿದಿದ್ದಳು. ನೆಲ ಗುಡಿಸುವಷ್ಟು ಉದ್ದ, ಮೇಲೆ ಜಾಲರಿ, ತೋಳಿಗೆ ಗೊಂಡೆ, ಥೇಟು ಸಿನಿಮಾದಲ್ಲಿದ್ದ ಹಾಗೆ. ಅವತ್ತು ಅತ್ತಿಯ ಮೈಮೇಲೆ ಎಚ್ಚರ ಇರಲಿಲ್ಲ. ಭಾಲ್ಕಿಯ ಒಂದು ಮನೆಯವರು ಆ ಮದುವೆಯಲ್ಲೇ ಅವಳನ್ನು ನೋಡುತ್ತೇವೆ ಎಂದು ಹೇಳಿಕಳಿಸಿದ್ದರು. ಹುಡುಗನಿಗೆ ನೌಕರಿ ಇತ್ತು, ವಯಸ್ಸೂ ಹೊಂದುತ್ತಿತ್ತು. ಹುಡುಗನ ತಾಯಿ ಬರುವವರಿದ್ದರು. ದಾರಿಯುದ್ದಕ್ಕೂ ಅತ್ತಿ ಕೈಗನ್ನಡಿ ತೆಗೆದು ನೋಡಿಕೊಳ್ಳುವುದು, ಒಳಗಿಡುವುದು ಮಾಡುತ್ತಿದ್ದಳು. ಸಂತಪುರ ದಾಟಿದ ಮೇಲೆ ನನ್ನ ಕಡೆ ಬಾಗಿ ಹೇಳಿದಳು.

"ಇವತ್ತೊಂದ್ ದಿನ ಮಂದ್ಯಾಗ ಬಾಯಿ ಮಾಡಬ್ಯಾಡ. ನಿನ್ನ ಕಾಲಿಗಿ ಬೀಳ್ತೇನಿ."

ಔರಾದದಲ್ಲಿ ಚರ್ಚಿನ ಎದುರಿನ ಬಯಲಲ್ಲಿ ಬಸ್ಸು ನಿಂತಿತು. ಎಲ್ಲರೂ ಇಳಿದರು. ಅತ್ತಿಗೆ ಸೀರೆಯ ನೆರಿಗೆ ಸರಿಮಾಡಿಕೊಳ್ಳಬೇಕಿತ್ತು.

"ಧೂಳ್ ಭಾಳ ಅದ. ರೋಜಿ ಫ್ರಾಕ್ ಹೊಲಸಾಗಬಾರ್ದು, ನೋಡ್ಕೊಂಡ್ ಕರ್ಕೊಂಡ್ ಬಾ," ಎಂದು ಹೇಳಿ ಇಳಿದು ಹೋದಳು.

ಬಸ್ಸಿನಲ್ಲಿ ನಾವಿಬ್ಬರೇ ಉಳಿದೆವು. ಕಿಟಕಿಯಿಂದ ನೋಡಿದರೆ ಬಯಲಿನ ಆ ತುದಿಯಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಆ ಫ್ರಾಕನ್ನು ಎತ್ತಿ ಹಿಡಿದು, ಈ ಹುಡುಗಿಯ ಕೈ ಹಿಡಿದು, ಹೆಂಗಸರ ನಡುವೆ ಮೂರು ತಾಸು ಬಾಯಿ ಮುಚ್ಚಿಕೊಂಡು ಕೂಡುವುದನ್ನು ನೆನೆದೇ ನನಗೆ ರೇಗಿತು. ರೋಜಿಯನ್ನು ಹಿಂದಿನ ಸೀಟಿನಲ್ಲಿ ಕೂಡಿಸಿದೆ.

"ಇದು ಗೋಪುರ. ಮಾಟಗಾತಿ ಬರ್ತಾಳ, ನೀರ್ ಬೇಕೇನ್ ಅಂತಾಳ. ಬಾಯಿ ಬಿಡಬ್ಯಾಡ. ನಾ ಬಂದ್ ಮೂರ್ ಸಲ ಬಡೀತೇನಿ."

ಅವಳ ಮುಖ ಅರಳಿತು. ಫ್ರಾಕನ್ನು ಸುತ್ತಲೂ ಹರವಿಕೊಂಡು ತೊಡೆಯ ಮೇಲೆ ಕೈಯಿಟ್ಟಳು. ನಾನು ಹೋದೆ.

ಹುಡುಗರು ಮೊದಲು ನನ್ನನ್ನು ಸೇರಿಸಿಕೊಳ್ಳಲಿಲ್ಲ. ಬೌಂಡರಿಯಲ್ಲಿ ನಿಂತು ಎರಡು ಚೆಂಡು ಹಿಡಿದ ಮೇಲೆ ಬ್ಯಾಟು ಕೊಟ್ಟರು. ಬ್ಯಾಟು ಕೈಗೆ ಬಂದಮೇಲೆ ನನಗೆ ತಂಗಿ ಇದ್ದಾಳೆಂಬುದೇ ಮರೆತುಹೋಯಿತು. ಎಷ್ಟು ಹೊತ್ತು ಆಡಿದೆನೋ ತಿಳಿಯದು. ಚರ್ಚಿನ ಗಂಟೆ ಬಾರಿಸಿದಾಗ ತಿರುಗಿ ನೋಡಿದರೆ ಬಸ್ಸು ಅಲ್ಲಿರಲಿಲ್ಲ. ರೋಜಿಯನ್ನು ಅತ್ತಿ ಇಳಿಸಿಕೊಂಡು ಹೋಗಿರಬೇಕು ಎಂದುಕೊಂಡೆ, ಅಷ್ಟೇ. ಮುಖ ತೊಳೆದು ಒಳಗೆ ಹೋಗಿ ಹೆಂಗಸರ ಸಾಲಿನ ಹಿಂದೆ ನಿಂತೆ. ಹಾಡಾಯಿತು, ಪ್ರಾರ್ಥನೆಯಾಯಿತು. ಜನ ಕೂತಾಗ ಅತ್ತಿ ಕಂಡಳು. ಅವಳ ಪಕ್ಕದಲ್ಲಿ ಜರಿಸೀರೆಯ ದೊಡ್ಡ ಹೆಂಗಸೊಬ್ಬರು ಕೂತಿದ್ದರು. ಅತ್ತಿಯ ತೊಡೆ ಖಾಲಿ ಇತ್ತು. ನಾನು ಬಗ್ಗಿಕೊಂಡು ಸಾಲುಗಳ ನಡುವೆ ಹೋಗಿ ಅವಳ ಭುಜ ಮುಟ್ಟಿದೆ.

"ರೋಜಿ ಎಲ್ಲಿ?"

ಅತ್ತಿ ತಲೆ ತಿರುಗಿಸದೆ ಪಿಸುಗುಟ್ಟಿದಳು. "ನಿಮ್ಮಪ್ಪನ್ ಬಲ್ಲಿ ಇರಬೇಕು. ಸುಮ್ನ ಕುಂದ್ರು."

ಅಪ್ಪ ಗಂಡಸರ ಕಡೆ ಮೊದಲ ಸಾಲಿನಲ್ಲಿದ್ದ, ಒಬ್ಬನೇ. ಹೊರಗಿನ ಬಿಸಿಲು ಬಾಗಿಲಲ್ಲಿ ಬೆಳ್ಳಗೆ ಸುಡುತ್ತಿತ್ತು. ಅದೇ ಹೊತ್ತಿಗೆ ಪಾಸ್ಟರು ಮದುವೆಗಳಲ್ಲಿ ಕೇಳುವ ಹಾಗೆ, ಈ ಮದುವೆಗೆ ಯಾರದಾದರೂ ಅಡ್ಡಿ ಇದ್ದರೆ ಈಗಲೇ ಹೇಳಬೇಕು ಎಂದು ಕೇಳಿ, ಪುಸ್ತಕದಿಂದ ತಲೆಯೆತ್ತಿ ಕಾದರು. ನಾನು ಕೂಗಿದೆ.

"ರೋಜಿ ಇಲ್ಲ. ರೋಜಿ ಬಸ್ಸಿನಾಗ ಇದ್ದಾಳ."

ಎಲ್ಲ ತಲೆಗಳೂ ನನ್ನ ಕಡೆ ತಿರುಗಿದವು. ಮದುಮಗಳು ಮುಸುಕು ಎತ್ತಿ ನೋಡಿದಳು. ಅತ್ತಿಯ ಕೈ ನನ್ನ ಬಾಯಿಯನ್ನು ಒತ್ತಿ ಹಿಡಿಯಿತು, ಇನ್ನೊಂದು ಕೈ ತೋಳನ್ನು ಚಿವುಟಿ ಕೆಳಗೆ ಎಳೆಯಿತು. ನಾನು ಅವಳ ಅಂಗೈಯನ್ನು ರಕ್ತ ಬರುವ ಹಾಗೆ ಕಚ್ಚಿದೆ. ಬಿಡಿಸಿಕೊಂಡು ಓಡಿದೆ, ಓಡುತ್ತಲೇ ಕೂಗಿದೆ.

ಬಸ್ಸು ಚರ್ಚಿನ ಹಿಂದೆ, ಹತ್ತಿಯ ಗೋದಾಮಿನ ಗೋಡೆಗೆ ಹೊಂದಿಕೊಂಡು ನಿಂತಿತ್ತು. ಹುಡುಗರು ಒಳನುಗ್ಗಿ ಸೀಟು ಹರಿಯುತ್ತಾರೆಂದು ಡ್ರೈವರು ಗಾಜುಗಳನ್ನೆಲ್ಲ ಎಳೆದು, ಬೀಗ ಹಾಕಿ, ದೂರದ ಬೇವಿನ ಗಿಡದ ಕೆಳಗೆ ಮಲಗಿದ್ದ. ಸೀಟಿನ ಬೆನ್ನಿಗೆ ಮರೆಯಾಗಿ ಕೂತ ಮಗು ಅವನಿಗೆ ಕಂಡಿಲ್ಲ. ಗಾಜು ಎಳೆಯುವಾಗಲೂ, ಬಸ್ಸು ಹೊರಟಾಗಲೂ ಅವಳು ಸದ್ದು ಮಾಡಿಲ್ಲ. ಬಸ್ಸು ನಿಂತಾಗ ಅಲ್ಲಿ ನೆರಳಿತ್ತಂತೆ. ನಾನು ಹೋಗುವ ಹೊತ್ತಿಗೆ ನೆರಳು ಗೋಡೆಯೊಳಗೆ ಸೇರಿಕೊಂಡು, ತಗಡು ಮುಟ್ಟಿದರೆ ಚರ್ಮ ಅಂಟುವಷ್ಟು ಕಾದಿತ್ತು. ಹಿಂದಿನ ಕಿಟಕಿಯಲ್ಲಿ ರೋಜಿಯ ಹಣೆ ಗಾಜಿಗೆ ಆತುಕೊಂಡಿತ್ತು. ಕಣ್ಣು ಅರ್ಧ ತೆರೆದಿದ್ದವು. ಕೈಗಳು ತೊಡೆಯ ಮೇಲೆಯೇ ಇದ್ದವು. ಹೆಸರು ಹಿಡಿದು ಕರೆದೆ, ಗಾಜು ಬಡಿದೆ. ಅವಳು ಅಲುಗಲಿಲ್ಲ. ಕಲ್ಲು ಹುಡುಕಿ ಪಕ್ಕದ ಗಾಜು ಒಡೆದೆ. ಆ ಸದ್ದಿಗೆ ಡ್ರೈವರು ಎದ್ದು ಬೀಗದಕೈ ಹಿಡಿದುಕೊಂಡು ಓಡಿಬಂದ.

ಗೋದಾಮಿನ ಮೂಲೆಯಲ್ಲಿ ಸೌತೆಕಾಯಿ ಮಾರುತ್ತಿದ್ದ ಮುದುಕಿಯೊಬ್ಬಳು ತನ್ನ ಕೊಡ ಹೊತ್ತು ತಂದು ಮಗುವಿನ ತಲೆಯ ಮೇಲೆ ನೀರು ಸುರಿದಳು. ಸುರಿಯುತ್ತ ಅಳುತ್ತಿದ್ದಳು.

"ನಾ ಆಗೇ ಕೇಳೀನಿ. ಯಾರ್ ಪೋರಿ ನೀ, ನೀರ್ ಬೇಕೇನ್ ಅಂತ ಗಾಜ್ ಬಡದ್ ಕೇಳೀನಿ. ಬ್ಯಾಡ ಅಂತ ಗೋಣ್ ಅಳ್ಳಾಡ್ಸಿದ್ಲು. ಮೂಗಿ ಅದಾಳೇನೋ, ತಾಯಿ ಇಲ್ಲೇ ಇರಬೇಕು ಅಂದ್ಕೊಂಡಿನಿ."

ನನ್ನ ಹಿಂದೆಯೇ ಓಡಿಬಂದಿದ್ದ ಅಪ್ಪ ರೋಜಿಯನ್ನು ಎತ್ತಿಕೊಂಡು ಹತ್ತಿರದ ದವಾಖಾನೆಗೆ ಓಡಿದ. ಫ್ರಾಕು ಮೈಗೆ ಅಂಟಿತ್ತು, ಅದನ್ನು ಕತ್ತರಿಯಿಂದ ಕತ್ತರಿಸಿ ತೆಗೆದರು. ಒದ್ದೆ ಬಟ್ಟೆ ಸುತ್ತಿದರು, ಸಲೈನು ಹಚ್ಚಿದರು. ಎಷ್ಟೋ ಹೊತ್ತಿನ ಮೇಲೆ ಅವಳು ಕಣ್ಣು ಬಿಟ್ಟು ಎಲ್ಲರನ್ನೂ ದಾಟಿ ನನ್ನನ್ನು ಹುಡುಕಿದಳು. ತುಟಿ ಒಡೆದು ಬೆಳ್ಳಗಾಗಿದ್ದವು. ನಾನು ಹತ್ತಿರ ಬಾಗಿದೆ.

"ನಾ ಮಾತಾಡಿಲ್ಲ, ಅಕ್ಕ," ಎಂದಳು. ಅವಳ ದನಿಯಲ್ಲಿ ಹೆಮ್ಮೆ ಇತ್ತು.

ಮಗು ಉಳಿಯಿತು ಎಂದಮೇಲೆ ದವಾಖಾನೆಯ ವರಾಂಡದಲ್ಲಿ ನೆಂಟರು ಸೇರಿದರು. ನನ್ನ ತಂಗಿ ಅಷ್ಟು ಹೊತ್ತು ಬೇಯುತ್ತ ಕೂತಿದ್ದನ್ನು ಅವರು ಹೇಗೆ ಮಾತಾಡಿಕೊಂಡರು ಎಂಬುದು ನನಗೆ ಅಕ್ಷರಕ್ಷರ ನೆನಪಿದೆ. ಎಂಥ ಶಾಣ್ಯಾ ಪೋರಿ, ಪಿಟ್ಟೆನ್ನಲಿಲ್ಲ ನೋಡ್ರಿ. ಬೇರೆಯ ಮಕ್ಕಳಾಗಿದ್ದರೆ ಕಿರುಚಿ ಊರು ಕೂಡಿಸುತ್ತಿದ್ದವು. ಆಮೇಲೆ ಮಾತು ನನ್ನ ಕಡೆ ಹೊರಳಿತು. ಚರ್ಚಿನೊಳಗೆ, ಅದೂ ಅಂಥ ಗಳಿಗೆಯಲ್ಲಿ, ಹೆಣ್ಣುಮಗಳು ಹಾಗೆ ಚೀರುವುದೇ. ಜರಿಸೀರೆಯ ಹೆಂಗಸು, ಅವರೇ ಹುಡುಗನ ತಾಯಿ, ಅತ್ತಿಯ ಕೈಗೆ ಕಟ್ಟಿದ ಪಟ್ಟಿಯನ್ನು ನೋಡುತ್ತ, ಕಚ್ಚುತ್ತಾಳೇನ್ರಿ ಆ ಹುಡುಗಿ ಎಂದು ಕೇಳಿದರು. ಕೂಗಿದವಳಿಂದ ಮಗು ಉಳಿದಿತ್ತು. ಸುಮ್ಮನಿದ್ದವಳು ಸಾಯುತ್ತಿದ್ದಳು. ಅಲ್ಲಿದ್ದ ಒಬ್ಬರಿಗೂ ಇದು ಹೊಳೆಯಲಿಲ್ಲ, ಅಥವಾ ಹೊಳೆದರೂ ಹೇಳಲಿಲ್ಲ.

ಅಷ್ಟರಲ್ಲಿ ಅವ್ವ ಬಂದಳು. ಬಸ್ಸಿಳಿದ ಕೂಡಲೇ ಯಾರೋ ಹೇಳಿದ್ದರು. ಡ್ಯೂಟಿಯ ಬಿಳಿ ಸೀರೆಯಲ್ಲೇ ಇದ್ದಳು. ಒಳಗೆ ಹೋಗಿ ರೋಜಿಯ ನಾಡಿ, ಕಣ್ಣು, ಸಲೈನು ನೋಡಿ ಹೊರಗೆ ಬಂದಳು.

"ಬಸ್ಸಿನಾಗ ಕೂಡ್ಸಿದವ್ರ್ ಯಾರು?"

ಅವ್ವ ನನ್ನ ಕಡೆ ನೋಡಿದಳು. ನಾನು ಅದೇ ಬೆಳಿಗ್ಗೆ ಇಡೀ ಔರಾದಕ್ಕೆ ಕೇಳುವ ಹಾಗೆ ಕೂಗಿದವಳು. ಈಗ ಬಹಳ ಮೆಲ್ಲಗೆ ಹೇಳಿದೆ.

"ಫ್ರಾಕ್ ಹೊಲಸಾಗಬಾರ್ದು ಅಂತ ಅತ್ತಿ ಹೇಳಿದ್ರು."

ಅದರಲ್ಲಿ ಒಂದು ಪದವೂ ಸುಳ್ಳಲ್ಲ. ಅದಕ್ಕೇ ಅದನ್ನು ಆರಿಸಿಕೊಂಡಿದ್ದೆ. ಅತ್ತಿ ಬಾಯಿ ತೆರೆದಳು. ಪಕ್ಕದಲ್ಲಿ ನಿಂತ ಹುಡುಗನ ತಾಯಿಯನ್ನು ನೋಡಿದಳು. ಬಾಯಿ ಮುಚ್ಚಿ ತಲೆ ತಗ್ಗಿಸಿದಳು. ಅವ್ವ ಅವಳೆದುರು ಹೋಗಿ ನಿಂತಳು.

"ಅರಿವಿ ಹೊಲಸಾಗ್ತದಂತ ಮಗೀನ್ ಸುಡ್ತಿಯೇನ್ ಸುಶೀಲಾ. ನಿಂಗ ಮಕ್ಕಳಿಲ್ಲ, ಮಕ್ಕಳ ಕರುಳೂ ಇಲ್ಲ. ಇನ್ ಮ್ಯಾಲ ನನ್ ಮಕ್ಕಳ ಮುಟ್ಟಬ್ಯಾಡ."

ಇಷ್ಟು ಜನರ ಮುಂದೆ ಹೇಳಿದಳು. ಹುಡುಗನ ತಾಯಿ ಊಟ ಮಾಡಿಕೊಂಡು ಭಾಲ್ಕಿಗೆ ಹೋದರು. ನಿಮ್ಮ ಮನೆಯ ಹೆಂಗಸರು ಜೋರು, ಕೂಸಿನ ಮೇಲೆ ಲಕ್ಷ್ಯವಿಲ್ಲ, ಈ ಸಂಬಂಧ ಬೇಡ ಎಂದು ವಾರದೊಳಗೆ ಸುದ್ದಿ ಬಂತು. ನನಗೆ ಆಗ ಬೇಸರವಾಗಲಿಲ್ಲ. ಸಿನಿಮಾ ತಂದವಳು ಅವಳು, ಹಾಗೆ ಕೂಡುವುದನ್ನು ಕಲಿಸಿದವಳು ಅವಳು, ಅನುಭವಿಸಲಿ ಎಂದುಕೊಂಡೆ.

ಮನೆಗೆ ಬಂದಮೇಲೆ ಅವ್ವ ಆ ಸಿ.ಡಿ.ಗಳನ್ನು ಒಲೆಗೆ ಹಾಕಿದಳು. ನಡುವಿನ ಕೋಣೆಯ ತನಕ ಪ್ಲಾಸ್ಟಿಕ್ಕಿನ ಹೊಗೆ ಬಂತು, ಅತ್ತಿ ಕಿಟಕಿ ತೆರೆದಳು. ಆದರೆ ಸುಟ್ಟದ್ದರಿಂದ ರೋಜಿಯೊಳಗಿನದು ಹೋಗಲಿಲ್ಲ. ಅವಳು ಏನನ್ನೂ ಕೇಳುತ್ತಿರಲಿಲ್ಲ. ಹಸಿವಾದರೆ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದಳು. ಯಾರಾದರೂ ನೋಡಿ ಕೊಟ್ಟರೆ ಉಂಟು. ಅವ್ವ ಹದಿನೈದು ದಿನ ರಜೆ ಹಾಕಿದ್ದಳು. ಒಂದು ಮಧ್ಯಾಹ್ನ ರೋಜಿಯ ಮುಂದೆ ಖಾಲಿ ತಾಟು ಇಟ್ಟು, ರೊಟ್ಟಿಯ ಬುಟ್ಟಿಯನ್ನು ತನ್ನ ಹಿಂದೆ ಇಟ್ಟುಕೊಂಡು ಕೂತಳು.

"ಏನ್ ಬೇಕ್ ಹೇಳು. ಹೇಳಿದ್ರ ಕೊಡ್ತೇನಿ."

ರೋಜಿ ತಾಟನ್ನೇ ನೋಡುತ್ತ ಕೂತಳು. ಅಪ್ಪ ಬಿಟ್ಟುಬಿಡು ಅಂದ, ಅವ್ವ ಕೇಳಲಿಲ್ಲ. ಅತ್ತಿ ತಡೆಯಲಾರದೆ ಒಂದು ರೊಟ್ಟಿ ತೆಗೆಯಲು ಬಂದಾಗ ಅವ್ವ ಅವಳ ಮುಂಗೈ ಹಿಡಿದು ದೂಡಿದಳು. ಪಲ್ಯ ಆರಿತು. ಹೊರಗಿನ ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂತು. ಕೊನೆಗೆ ರೋಜಿ ರೊಟ್ಟಿ ಎಂದಳು, ನೊಣ ಹಾರಿದಷ್ಟು ಸದ್ದು. ಅವ್ವ ಕೊಟ್ಟಳು. ಕೊಟ್ಟು, ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಆಮೇಲೆ ಎರಡು ವರ್ಷ ಅವ್ವ ಮತ್ತು ಅತ್ತಿ ಒಂದೇ ಮನೆಯಲ್ಲಿ ಮಾತಿಲ್ಲದೆ ಬದುಕಿದರು. ನಿಮ್ಮತ್ತಿಗೆ ಹೇಳು ಹಾಲು ಕಾಸು ಅಂತ, ನಿಮ್ಮವ್ವಗ ಹೇಳು ಕಾಸೀನಿ ಅಂತ. ನಡುವೆ ಓಡಾಡುವವಳು ನಾನು. ನಾನು ನಿಜ ಹೇಳಿದ್ದರೆ ಒಂದು ಸಂಜೆಯಲ್ಲಿ ಮುಗಿಯುತ್ತಿತ್ತು. ಹೇಳಲಿಲ್ಲ. ಅತ್ತಿಯನ್ನು ಭಾಲ್ಕಿಯ ಹೆಂಡತಿ ಸತ್ತ ಒಬ್ಬರಿಗೆ ಕೊಟ್ಟರು. ಅವರಿಗೆ ಆಗಲೇ ಇಬ್ಬರು ಮಕ್ಕಳು. ಅವ್ವ ಡ್ಯೂಟಿ ಇದೆ ಎಂದು ಆ ಮದುವೆಗೆ ಹೋಗಲಿಲ್ಲ. ನಾಲ್ಕು ವರ್ಷದ ಹಿಂದೆ ಅವ್ವ ತೀರಿಕೊಂಡಳು. ಕೊನೆಯ ದಿನಗಳಲ್ಲಿ ಅತ್ತಿ ನೋಡಲು ಬಂದಾಗಲೂ ಅವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ರೋಜಿ ಈಗ ನರ್ಸು, ಖಟಕ ಚಿಂಚೋಳಿಯಲ್ಲಿರುತ್ತಾಳೆ. ಕೆಲಸದಲ್ಲಿ ಚುರುಕು, ಆದರೆ ಬಸ್ಸಿನಲ್ಲಿ ತನ್ನ ಸ್ಟಾಪು ಬಂದರೆ ನಿಲ್ಲಿಸಿ ಎಂದು ಕೂಗಿ ಹೇಳಲು ಇವತ್ತಿಗೂ ಅವಳಿಂದಾಗುವುದಿಲ್ಲ. ಬೇರೆ ಯಾರೂ ಇಳಿಯದಿದ್ದರೆ ಮುಂದಿನ ಊರಿಗೆ ಹೋಗಿ ನಡೆದು ಬರುತ್ತಾಳೆ. ಕಳೆದ ದೀಪಾವಳಿ ರಜೆಯಲ್ಲಿ ಅವಳ ಮನೆಗೆ ಹೋಗಿದ್ದೆ. ಐದು ವರ್ಷದ ಮಗಳು ಮೂಲೆಯಲ್ಲಿ ಫೋನು ಹಿಡಿದು ಕೂತಿದ್ದಳು. ಬಗ್ಗಿ ನೋಡಿದರೆ ಅದೇ ಕಣ್ಣು, ಅದೇ ಸೊಂಟ, ಅದೇ ಥರದ ಇನ್ನೊಂದು ರಾಜಕುಮಾರಿ. ನಾನು ಫೋನು ಕಿತ್ತುಕೊಂಡೆ, ಮಗು ಅತ್ತಿತು. ನಾನು ರೋಜಿಗೆ ಬೈದೆ. ನಿನ್ನ ಜೀವ ತೆಗೆಯಲಿದ್ದದ್ದನ್ನು ನಿನ್ನ ಮಗಳಿಗೆ ಕೊಡುತ್ತೀಯಲ್ಲ, ನಾಚಿಕೆಯಾಗುವುದಿಲ್ಲವೇ ಎಂದೆ. ಅವಳು ಮಗಳನ್ನು ಎತ್ತಿಕೊಂಡು, ಯಾವತ್ತಿನ ಮೆಲುದನಿಯಲ್ಲೇ ಹೇಳಿದಳು.

"ಸಿನಿಮಾ ಕೆಟ್ಟದ್ದೇ, ಅಕ್ಕ. ಖರೇ. ಆದ್ರ ನನ್ನ ಬಸ್ಸಿನಾಗ ಕೂಡ್ಸಿದ್ದು ಸಿನಿಮಾ ಅಲ್ಲ. ನೀ ಕೂಡ್ಸಿದಿ."

ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ ಅವಳು ನನ್ನ ಮುಂದೆ ಆ ಮಾತೆತ್ತಿದ್ದು. ಊಟ ಮಾಡದೆ ಭಾಲ್ಕಿಯ ಬಸ್ಸು ಹತ್ತಿದೆ.

ಶಾಲೆ ತೆರೆದ ದಿನವೇ, ಸಂಜೆ, ಅತ್ತಿಯ ಮನೆಗೆ ಹೋದೆ. ಒಂದೇ ಊರಲ್ಲಿದ್ದೂ ವರ್ಷಕ್ಕೊಮ್ಮೆ ಕ್ರಿಸ್‌ಮಸ್ಸಿಗೆ ಮಾತ್ರ ಹೋಗುತ್ತಿದ್ದೆ. ಗಂಡ ತೀರಿದ ಮೇಲೆ ಅವಳು ಹುಡುಗಿಯರಿಗೆ ಹೊಲಿಗೆ ಕಲಿಸುತ್ತಿದ್ದಳು. ಹುಡುಗಿಯರು ಆಗಷ್ಟೇ ಹೋಗಿದ್ದರು. ಅತ್ತಿ ನೆಲದ ಮೇಲಿನ ಬಟ್ಟೆ ಚೂರುಗಳನ್ನು ಆಯುತ್ತಿದ್ದಳು.

"ಅತ್ತಿ, ಅವತ್ತ ರೋಜಿನ್ನ ಬಸ್ಸಿನಾಗ ಕೂಡ್ಸಿ ಹೋಗಿದ್ದು ನಾ. ಆಟ ಆಡ್ಲಿಕ್ಕ ಹೋಗಿದ್ದೆ."

ಅವಳು ಚೂರು ಆಯುವುದನ್ನು ನಿಲ್ಲಿಸಲಿಲ್ಲ.

"ಗೊತ್ತದ. ರೋಜಿ ಮೂರ್ ದಿನಕ್ಕೇ ಹೇಳಿದ್ಲು."

"ಮತ್ತ ನೀವ್ ಅವ್ವಗ ಯಾಕ ಹೇಳಿಲ್ಲರಿ?"

"ನೀ ಸಣ್ಣಾಕಿ ಇದ್ದಿ. ನಿಮ್ಮವ್ವ ಸಿಟ್ಟಿನ್ಯಾಗ ನಿನ್ನ ಕೊಂದೇ ಹಾಕ್ತಿದ್ಲು. ನಾಳಿ ಹೇಳಿದ್ರಾಯ್ತು ಅಂತ ಬಿಟ್ಟೀನಿ. ಆಮ್ಯಾಲ ಹೇಳಿ ಏನ್ ಮಾಡೋದಿತ್ತು. ನಂಗ ಸುಮ್ನ ಇರೋದ್ ಬರ್ತಿತ್ತು. ಅದೊಂದೇ ಛಂದಂಗ್ ಬರ್ತಿತ್ತು."

ನನಗೆ ಅಳು ಬರಬೇಕಿತ್ತು, ಸಿಟ್ಟು ಬಂತು. ನಿಮಗೆ ಸುಮ್ಮನಿರಿ ಎಂದವರು ಯಾರು, ನಿಮ್ಮ ಮದುವೆ ಮುರಿಯಿತು, ಅವ್ವ ಸಾಯುವವರೆಗೆ ಮುಖ ತಿರುಗಿಸಿದಳು, ಒಂದು ಮಾತು ಆಡಿದ್ದರೆ ಏನಾಗುತ್ತಿತ್ತು ಎಂದು ದನಿಯೇರಿಸಿದೆ. ಅತ್ತಿ ಚೂರುಗಳನ್ನು ನೆಲಕ್ಕೆ ಹಾಕಿ ಎದ್ದು ನಿಂತಳು. ಅವಳ ಗಂಟಲಿನ ನರ ಉಬ್ಬಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ನಂಗೇ ಕೇಳ್ತಿ? ನೀ ಕೇಳ್ತಿ? ಮಾತ್ ಬರ್ತಿದ್ದಾಕಿ ನೀ ಇದ್ದಿ. ನಿಮ್ಮವ್ವ ನಾಕ್ ತಿಂಗ್ಳ ಹಾಸಿಗಿ ಮ್ಯಾಲ್ ಇದ್ಲು. ನಾ ಮೂರ್ ಸಲ ಬಂದೀನಿ, ಮೂರೂ ಸಲ ನೀ ಅಲ್ಲೇ ಕುಂತಿದ್ದಿ. ಆಕಿ ಗ್ವಾಡಿಗಿ ಮಾರಿ ಮಾಡ್ದಾಗ ನೀ ನೋಡ್ದಿ. ಮಗೀನ್ ಸುಟ್ಟಾಕಿ ಅಂತ ತಿಳ್ಕೊಂಡೇ ಆಕಿ ಹೋದ್ಲು. ಈಗ ಬರ್ತಿ, ನಂಗ ಮಾತ್ ಕಲಸ್ಲಿಕ್ಕ?"

ನಾನು ಕ್ಷಮಿಸಿ ಎಂದೆ. ಅವಳು ಕೈ ಅಡ್ಡ ಹಿಡಿದಳು.

"ಬ್ಯಾಡ. ಹೋಗು ಈಗ. ಇವತ್ತ ನಿನ್ನ ಮಾರಿ ನೋಡೋದ್ ನಂಗಾಗಲ್ಲ. ನಾಳಿ ಬಾ."

ಮರುದಿನ ಶಾಲೆ ಬಿಟ್ಟಮೇಲೆ ಹೋದೆ. ಬಾಗಿಲು ತೆರೆದಿತ್ತು. ಹುಡುಗಿಯರು ಮಶೀನುಗಳ ಮುಂದೆ ಕೂತಿದ್ದರು. ನನ್ನನ್ನು ಕಂಡು ಅತ್ತಿ ಅವರನ್ನು ಮನೆಗೆ ಕಳಿಸಲಿಲ್ಲ, ದನಿಯನ್ನೂ ತಗ್ಗಿಸಲಿಲ್ಲ. ಒಂದು ಕುರ್ಚಿಯನ್ನು ಕಾಲಿನಿಂದ ನನ್ನ ಕಡೆ ತಳ್ಳಿದಳು.

"ಕುಂದ್ರು," ಎಂದಳು. "ನಂದ್ ಇನ್ನಾ ಮುಗ್ದಿಲ್ಲ."